ದೊರೆಮಗಳ ತಲೆಯ ಮೇಲಿನ ಹೆಂಚು

ಪೆಯ್ರೋನಳಿಗೆ ಹತ್ತು ತುಂಬುವ ಹೊತ್ತಿಗೆ ನಮ್ಮೂರು ಬರ್ಸಾಲಿನ ಒಂದೊಂದು ಮನೆಯ ಮಾಡೂ ಅವಳ ಅಂಗಾಲಿಗೆ ಪರಿಚಯವಾಗಿತ್ತು. ಯಾವ ಮನೆಯ ತೊಲೆಗೆ ಹುಳ ಬಿದ್ದಿದೆ, ಯಾವ ಮನೆಯ ಹೆಂಚಿನ ಸಂದಿಯಲ್ಲಿ ಗುಬ್ಬಿ ಮರಿ ಮಾಡಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಅವಳ ಅಪ್ಪ ವಿದಾಲ ಹೆಂಚು ಹೊದಿಸುವವನು. ಹೆಂಡತಿ ಹೆರಿಗೆಯಲ್ಲೇ ಹೋದಳು. ಕೂಸನ್ನು ಯಾರ ಕೈಗೆ ಕೊಡುವುದೆಂದು ತಿಳಿಯದೆ ಅವನು ಬೆನ್ನಿಗೆ ಕಟ್ಟಿಕೊಂಡೇ ಏಣಿ ಹತ್ತಿದ. ಆಮೇಲೆ ಇಳಿಸಬೇಕೆಂದಾಗ ಕೂಸು ಇಳಿಯಲು ಒಪ್ಪಲಿಲ್ಲ.

"ವಿದಾಲಣ್ಣ, ಮಗಳನ್ನ ಕೆಳಗೆ ಕರಿ. ಹೆಣ್ಣು ಹೀಗೆ ಬೆಕ್ಕಿನ ಹಾಗೆ ಮಾಡಿನ ಮೇಲೆ ಓಡಾಡ್ತಿದ್ರೆ ನಾಳೆ ಯಾವನು ಕಟ್ಕೋತಾನೆ?" ಎಂದು ಪಕ್ಕದ ಮನೆಯ ಗೆರಾಲ್ದ ಕೇಳುತ್ತಿದ್ದಳು.

"ಬೆಕ್ಕನ್ನ ಯಾರೂ ಕಟ್ಕೋಬೇಕಾಗಿಲ್ಲ ಕಣಮ್ಮ. ಯಾವ ಮನೆ ಬೇಕೋ ಆ ಮನೆಗೆ ಅದೇ ನುಗ್ಗುತ್ತೆ" ಎಂದು ವಿದಾಲ ಹಲ್ಲಿನ ನಡುವೆ ಮೊಳೆ ಕಚ್ಚಿಕೊಂಡೇ ಉತ್ತರ ಕೊಡುತ್ತಿದ್ದ.

ನಮ್ಮ ಕಡೆ ಹೆಂಚು ಹೊದಿಸುವವನಿಗೆ ಇನ್ನೊಂದು ಕೆಲಸವೂ ಇದೆ. ಯಾರಿಗಾದರೂ ಉಸಿರು ಹೋಗುವ ಹೊತ್ತು ಬಂದರೆ ಅವರ ತಲೆಯ ನೇರಕ್ಕೆ ಮಾಡಿನಿಂದ ಒಂದು ಹೆಂಚು ಎತ್ತಬೇಕು. ಜೀವಕ್ಕೆ ಬಾಗಿಲಿನ ದಾರಿ ಗೊತ್ತಿಲ್ಲ. ಅದು ಬಂದದ್ದೇ ಬಾಗಿಲಿನಿಂದ ಅಲ್ಲವಲ್ಲ. ಹೆಂಚು ಎತ್ತಿ, ತೊಟ್ಟಿಲಲ್ಲಿ ಕರೆದ ಹೆಸರು ಹಿಡಿದು ಒಂದೇ ಸಲ ಕೂಗಿ, "ದಾರಿ ತೆಗೆದಿದೆ, ಹೋಗು" ಎನ್ನಬೇಕು. ಹೋಗಿ ಬಾ ಎನ್ನಬಾರದು. ಹೆಂಚು ಎತ್ತುವ ತನಕ ಮಲಗಿದವರನ್ನು ಮಲಗಿದ ಜಾಗದಿಂದ ಕದಲಿಸುವುದಿಲ್ಲ. ಎತ್ತಿದ ಮೇಲೆ ಅಲ್ಲಿಂದ ಯಾರೂ ಹೋಗದೆ ಅದನ್ನು ಮುಚ್ಚುವ ಹಾಗೂ ಇಲ್ಲ. ತೆರೆದ ದಾರಿ ಯಾರನ್ನಾದರೂ ಕೇಳಿಯೇ ಕೇಳುತ್ತದೆ. ಇದನ್ನೆಲ್ಲ ಪೆಯ್ರೋನಳಿಗೆ ಯಾರೂ ಕೂರಿಸಿ ಹೇಳಿಕೊಡಲಿಲ್ಲ. ಉಪ್ಪು ಎಷ್ಟು ಹಾಕಬೇಕೆಂದು ಹೇಗೆ ಗೊತ್ತಾಯಿತೋ ಹಾಗೇ ಗೊತ್ತಾಯಿತು.

ಅವಳಿಗೆ ಹದಿನಾರಾದಾಗ ವಿದಾಲ ಇಗರ್ಜಿಯ ಮಾಡಿನಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಅಲ್ಲಿಂದಾಚೆ ಅವನು ಕೆಳಗೆ, ಅವಳು ಮೇಲೆ. ಸೋರುವ ಜಾಗವನ್ನು ಅವನು ಮನೆಯೊಳಗಿನಿಂದ ನೋಡಿ ಊರುಗೋಲಿನಲ್ಲಿ ತಟ್ಟುತ್ತಿದ್ದ: ಎರಡು ಸಲ, ಸ್ವಲ್ಪ ತಡೆದು ಇನ್ನೊಂದು ಸಲ. ಆ ತಟ್ಟು ಕೇಳಿದ ಕಡೆ ಅವಳು ಕೈ ಇಟ್ಟರೆ ಒಡೆದ ಹೆಂಚು ಅಲ್ಲೇ ಇರುತ್ತಿತ್ತು.

ಆದರೆ ಹೆಂಚು ದಿನಾ ಒಡೆಯುವುದಿಲ್ಲ. ಬಟ್ಟೆ ದಿನಾ ಕೊಳೆಯಾಗುತ್ತದೆ. ಹಾಗಾಗಿ ಅವಳು ಹೊಳೆಯ ಕಲ್ಲಿನಲ್ಲಿ ಬಟ್ಟೆ ಒಗೆಯುವ ಕೆಲಸ ಹಿಡಿದಳು. ದೋಣಿ ನಡೆಸುವ ಮೆನೌತ್ ಅವಳನ್ನು ಮಾಡಿನ ಮೇಲೆ ನೋಡಿಯೇ ಮೆಚ್ಚಿ ಮದುವೆಯಾದ. ಮಗಳು ಗಲ್ಯಾರ್ದ ಹುಟ್ಟಿ ಮೂರು ತಿಂಗಳಾಗುವ ಮೊದಲೇ ಗಾರೋನ್ ಹೊಳೆ ಅವನನ್ನು ದೋಣಿಯ ಸಮೇತ ತೆಗೆದುಕೊಂಡಿತು. ನೀರಿನಲ್ಲಿ ಹೋದವರಿಗೆ ಹೆಂಚು ಎತ್ತುವುದಿಲ್ಲ; ಅವರ ತಲೆಯ ಮೇಲೆ ಮಾಡೇ ಇರುವುದಿಲ್ಲ. ಪೆಯ್ರೋನ ಎರಡು ದಿನ ಅತ್ತಳು. ಮೂರನೆಯ ದಿನ ಹಾಲು ಕಡಿಮೆಯಾದದ್ದು ಗೊತ್ತಾಗಿ, ಅಳು ನಿಲ್ಲಿಸಿ, ಬೆಳ್ಳುಳ್ಳಿ ಸಾರಿಗೆ ರೊಟ್ಟಿ ಅದ್ದಿ ತಿನ್ನಲು ಕೂತಳು.

ಆ ಬೇಸಿಗೆಯಲ್ಲಿ ದೊರೆಮಗಳು ಬಂದಳು.

ಉತ್ತರದ ಕಡಲಾಚೆಯ ಯಾವುದೋ ದೊರೆಯ ಮಗಳು. ಬೆಟ್ಟಗಳಾಚೆಯ ಇನ್ನೊಂದು ನಾಡಿಗೆ, ಒಮ್ಮೆಯೂ ಮುಖ ನೋಡದ ಹುಡುಗನನ್ನು ಮದುವೆಯಾಗಲು ಹೊರಟಿದ್ದಳು. ಬೋರ್ದೋ ಪಟ್ಟಣದಲ್ಲಿ ಗಡ್ಡೆ ಬೇನೆ ಎದ್ದಿದೆ, ಅಲ್ಲಿ ಇಳಿಯಬೇಡಿ ಎಂದು ಯಾರೋ ಹೇಳಿದರಂತೆ. ಮೂರು ಹಡಗಿನ ಜನ, ಪೆಟ್ಟಿಗೆ, ಕುದುರೆ ಎಲ್ಲ ನಮ್ಮೂರಿನ ದಿಬ್ಬದ ಮೇಲಿನ ದೊಡ್ಡಮನೆಗೆ ಬಂದು ಸೇರಿದವು. ಬೇನೆಯೂ ಅದೇ ಹಡಗಿನಲ್ಲಿ ಬಂದಿತ್ತೆಂದು ಆಗ ಯಾರಿಗೂ ತಿಳಿಯಲಿಲ್ಲ.

ಒಗೆಯುವ ಕೆಲಸ ಪೆಯ್ರೋನಳಿಗೆ ಸಿಕ್ಕಿತು. ಅಂಥ ಬಟ್ಟೆ ಅವಳು ಮುಟ್ಟಿರಲಿಲ್ಲ. ಬೂದಿನೀರಿನಲ್ಲಿ ಕುದಿಸಿ ಉಬ್ಬೆ ಹಾಕಲೂ ಹೆದರಿಕೆ, ಕಲ್ಲಿಗೆ ಬಡಿಯಲೂ ಹೆದರಿಕೆ. ಒಂದು ಬೆಳಿಗ್ಗೆ ಮಡಿಸಿದ ಬಟ್ಟೆ ಹೊತ್ತು, ಎಂಟು ತಿಂಗಳ ಗಲ್ಯಾರ್ದಳನ್ನು ಬೆನ್ನಿನ ಬುಟ್ಟಿಯಲ್ಲಿ ಕೂರಿಸಿಕೊಂಡು ಮಹಡಿ ಹತ್ತಿದಾಗ, ಮೂಡಲ ಕಡೆಯ ದೊಡ್ಡ ಕೋಣೆಯ ಕಿಟಕಿಯಲ್ಲಿ ಒಬ್ಬ ಹುಡುಗಿ ಕೂತಿದ್ದಳು. ಹದಿನೈದಿರಬೇಕು. ಉಗುರು ಕಚ್ಚಿ ಕಚ್ಚಿ ಮೊಂಡಾಗಿದ್ದವು. ಕೂಸು "ಹೆ" ಎಂದು ಕೂಗಿದ್ದೇ ತಡ, ಅವಳು ಎದ್ದು ಓಡಿಬಂದು ಎರಡೂ ಕೈ ಚಾಚಿದಳು.

ಅವಳ ಜೊತೆಯ ಹಿರಿಯ ಊಳಿಗದವಳು ಎಡಿಲಾ. ನಮ್ಮ ಮಾತು ತಕ್ಕಮಟ್ಟಿಗೆ ಬರುತ್ತಿತ್ತು. "ಏ ಅಗಸಗಿತ್ತಿ, ಕೂಸಿನ ಮೂಗು ಒರೆಸಿ ಕೊಡು. ಅವರು ತೊಟ್ಟಿರೋ ಬಟ್ಟೆ ನೋಡಿದೀಯಾ?"

"ನಾನೇ ಒಗೆದಿದ್ದು, ನೋಡದೆ ಏನು? ಇನ್ನೊಂದು ಸಲ ಒಗೆದ್ರಾಯ್ತು ಬಿಡಿ."

ದೊರೆಮಗಳಿಗೆ ಅರ್ಥವಾಗದಿದ್ದರೂ ನಕ್ಕಳು. ಕೂಸನ್ನು ಹೇಗೆ ಹಿಡಿಯಬೇಕೆಂದು ಅವಳಿಗೆ ಗೊತ್ತಿತ್ತು. ಕತ್ತಿನ ಹಿಂದೆ ಕೈ ಕೊಟ್ಟಳು, ಸೊಂಟಕ್ಕೆ ಒತ್ತಿಕೊಂಡಳು. ಕಿಟಕಿಯ ಹತ್ತಿರ ಒಯ್ದು ತನ್ನ ಎದೆಗೆ ಬೆರಳಿಟ್ಟು "ಟಿಬ್ಬೆ" ಎಂದಳು. ಕೂಸು ಅವಳ ಬಾಯಿಗೇ ಕೈ ಹಾಕಿತು. "ಟಿಬ್ಬೆ. ಟಿಬ್ಬೆ" ಎಂದು ಮತ್ತೆ ಮತ್ತೆ ಹೇಳಿಕೊಟ್ಟಳು.

"ಹಾಗಂದ್ರೇನು?" ಪೆಯ್ರೋನ ಕೇಳಿದಳು.

"ಅವರ ದಾದಿ ತೊಟ್ಟಿಲಲ್ಲಿ ಕರೀತಿದ್ದ ಹೆಸರು. ನಿನ್ನ ಬಾಯಲ್ಲಿ ಆ ಹೆಸರು ಬರಕೂಡದು" ಎಂದಳು ಎಡಿಲಾ.

ಕೋಣೆಯ ನಡುವೆ ಮರದ ಆಸರೆಗೆ ಮದುವೆಯ ನಿಲುವಂಗಿ ತೂಗುಹಾಕಿದ್ದರು. ಕೆಂಪು ರೇಷ್ಮೆ, ಕೈತುದಿಗೆ ಮುತ್ತು. ಒಳಗೆ ಯಾರೂ ಇಲ್ಲದ ಆ ಅಂಗಿ ಇವರೆಲ್ಲರಿಗಿಂತ ಎತ್ತರವಾಗಿ ನಿಂತಿತ್ತು. ಪೆಯ್ರೋನಳಿಗೆ ಅದನ್ನು ನೋಡಿ ಯಾಕೋ ಆ ಹುಡುಗಿಯ ಮೇಲೆ ಮರುಕ ಹುಟ್ಟಿತು. ಮದುವೆಗೆ ಹೊರಟವಳಿಗೆ ತಾಯಿ ಜೊತೆಯಲ್ಲಿಲ್ಲ, ಅಕ್ಕತಂಗಿಯರಿಲ್ಲ. ನಮ್ಮ ಕಡೆ ಮದುಮಗಳು ಗಟ್ಟಿಮುಟ್ಟಾದ ಕೂಸೊಂದರ ಕುಲಾವಿ ಇಸಿದುಕೊಂಡು ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾಳೆ, ಮಡಿಲು ಬೇಗ ತುಂಬಲಿ ಎಂದು. ಕುಲಾವಿಯನ್ನು ಒಗೆಯದೆ ಕೊಡಬೇಕು. ನೆತ್ತಿಯ ವಾಸನೆ ಅದರಲ್ಲಿರಬೇಕು. ಪೆಯ್ರೋನ ಗಲ್ಯಾರ್ದಳ ತಲೆಯಿಂದ ಕುಲಾವಿ ಬಿಚ್ಚಿ ಚಾಚಿದಳು.

"ಚೆನ್ನಾಯ್ತು!" ಎಂದು ಎಡಿಲಾ ಹಣೆ ಚಚ್ಚಿಕೊಂಡಳು. "ಊರಿನ ಕೊಳೆಯೆಲ್ಲ ತೆಗೆಯೋಳು ದೊರೆಮಗಳಿಗೆ ಕೊಳೆ ಕುಲಾವಿ ಉಡುಗೊರೆ ಕೊಡ್ತಾಳಂತೆ!"

ಆದರೂ ವಿಷಯ ಕೇಳಿಕೊಂಡು ಅವರ ಮಾತಿನಲ್ಲಿ ತಿಳಿಸಿದಳು. ದೊರೆಮಗಳು ಕಿವಿಯವರೆಗೂ ಕೆಂಪಾದಳು. ಕುಲಾವಿಯನ್ನು ಮೂಗಿಗೆ ಹಿಡಿದು ಉಸಿರೆಳೆದುಕೊಂಡು, ಅಂಗಿಯ ತೋಳಿನೊಳಗೆ ತುರುಕಿಕೊಂಡಳು.

ಹತ್ತು ದಿನ ಕಳೆಯಲಿಲ್ಲ, ದೊಡ್ಡಮನೆಯಿಂದ ಬರುವ ಬಟ್ಟೆಯ ವಾಸನೆ ಬದಲಾಯಿತು. ಕೊಳೆತ ಸೇಬಿನ ವಾಸನೆ. ಹಾಸಿಗೆ ಬಟ್ಟೆಯ ಮೇಲೆ ಕಪ್ಪು ಕಲೆ. ಪೆಯ್ರೋನ ಬುಟ್ಟಿಯನ್ನು ತೆರೆದ ಹಾಗೇ ಮುಚ್ಚಿ, ದಿಬ್ಬ ಹತ್ತಿ ಹೆಬ್ಬಾಗಿಲಿನ ಹತ್ತಿರ ಇಟ್ಟಳು.

"ಕೆಲಸ ಬಿಟ್ರೆ ತಿನ್ನೋದಕ್ಕೆ ಏನ್ ಮಾಡ್ತೀಯ?" ಎಂದ ಕಾವಲಿನವನು.

"ನನ್ನ ಮಗು ಕುಡಿಯೋದು ನನ್ನ ಮೈಯಿಂದ ಕಣಪ್ಪ, ನಿಮ್ಮ ಕೂಲಿಯಿಂದಲ್ಲ. ಮೈ ಉಳಿಸ್ಕೋತೀನಿ."

ಮನೆಗೆ ಬಂದು ಕೈಯನ್ನು ಬೂದಿನೀರಿನಲ್ಲಿ ಚರ್ಮ ಸುಲಿಯುವ ಹಾಗೆ ತೊಳೆದುಕೊಂಡಳು. ಊರಿನಲ್ಲೂ ಒಂದೆರಡು ಮನೆಯಲ್ಲಿ ಬೇನೆ ಕಾಣಿಸಿಕೊಂಡಿತು. ಅವಳು ಮಾಡು ಹತ್ತಿ ಹೆಂಚು ಎತ್ತಿದಳು, ಒಳಗೆ ಕಾಲಿಡಲಿಲ್ಲ. ಇಳಿದು ಬಂದು ಸ್ನಾನ ಮಾಡಿ, ಬಟ್ಟೆ ಬದಲಿಸಿಯೇ ಕೂಸಿಗೆ ಹಾಲೂಡಿದಳು. ಸೋಮವಾರ ವಿದಾಲ ತನ್ನ ಚಾಪೆ ಸುತ್ತಿಕೊಂಡು ಹಿತ್ತಲ ಆಡಿನ ಕೊಟ್ಟಿಗೆಗೆ ಹೋದ.

"ಯಾಕಪ್ಪ?"

"ನಿನ್ನ ಮಗಳಿಗೆ ಹಲ್ಲು ಬರೋದು, ನನಗೆ ನಿದ್ದೆ ಹೋಗೋದು. ಆಡುಗಳೇ ವಾಸಿ."

ಪೆಯ್ರೋನಳ ಮನಸ್ಸಿಗೆ ನೋವಾಯಿತು. ಮೊಮ್ಮಗಳನ್ನು ಒಂದು ಗಳಿಗೆ ಬಿಟ್ಟಿರದ ಮನುಷ್ಯ! ಸಾರಿನ ಬಟ್ಟಲನ್ನು ಕೊಟ್ಟಿಗೆಯ ಬಾಗಿಲಲ್ಲಿ ಕುಕ್ಕಿ ಬಂದಳು.

ಮಂಗಳವಾರ ದೊರೆಮಗಳು ತೀರಿಕೊಂಡಳು. ಗಂಟೆ ಬಾರಿಸಲಿಲ್ಲ, ಬಾರಿಸುವವನೂ ಮಲಗಿದ್ದ. ಉಳಿದ ನಾಲ್ಕೈದು ಜನ ಕಿಟಕಿಗಳಿಗೆಲ್ಲ ಹಲಗೆ ಹೊಡೆದು, ಬಾಗಿಲಿಗೆ ಹೊರಗಿನಿಂದ ತೊಲೆ ಅಡ್ಡ ಇಟ್ಟು, ಹೇಸರಗತ್ತೆ ಹತ್ತಿ ಹೊರಟುಹೋದರು. ಹೊರುವವರು ಯಾರೂ ಸಿಗದೆ ಹುಡುಗಿಯನ್ನು ಒಳಗೇ ಬಿಟ್ಟಿದ್ದರು. ಶನಿವಾರ ಮಧ್ಯಾಹ್ನ ಪಟ್ಟಣದಿಂದ ಜನ ಬಂದು ಮನೆಗೆ ಬೆಂಕಿ ಹಾಕುತ್ತಾರೆಂದು ಸುದ್ದಿಯಾಯಿತು.

ಬುಧವಾರ ನಡುಹಗಲು. ಬಿಸಿಲು ಎಷ್ಟಿತ್ತೆಂದರೆ ಕೋಳಿಗಳೂ ಸದ್ದು ಮಾಡುತ್ತಿರಲಿಲ್ಲ. ಪೆಯ್ರೋನ ಬಟಾಣಿ ಸುಲಿಯುತ್ತಿದ್ದಳು. ಚಾಪೆಯ ಮೇಲೆ ಅಂಗಾತ ಮಲಗಿದ್ದ ಗಲ್ಯಾರ್ದ ಜಂತೆಯ ಮೂಲೆಯನ್ನೇ ನೋಡುತ್ತಾ ನಗತೊಡಗಿತು. ಜೇಡವಿರಬೇಕೆಂದು ಪೆಯ್ರೋನ ತಲೆಯೆತ್ತಿ ನೋಡಿದಳು. ಏನೂ ಇರಲಿಲ್ಲ. ಕೂಸು ಎರಡೂ ಕೈಯನ್ನು ಮೇಲಕ್ಕೆ ಚಾಚಿತು, ಎತ್ತಿಕೊಳ್ಳಲು ಬಾಗಿದವರಿಗೆ ಚಾಚುವ ಹಾಗೆ. ಅದರ ಬೆನ್ನು ಚಾಪೆಯಿಂದ ಒಂದು ಬೆರಳು ಮೇಲೆದ್ದಿತು. ಆಮೇಲೆ, ಅಮ್ಮ ಎಂದೂ ಇನ್ನೂ ಅನ್ನದ ಆ ಬಾಯಿ ಸ್ಪಷ್ಟವಾಗಿ "ಟಿಬ್ಬೆ" ಎಂದಿತು.

ನೀರಿನ ಹರವಿಯಲ್ಲಿ ನೀರು ಸುತ್ತು ಸುತ್ತಾಗಿ ನಡುಗುತ್ತಿತ್ತು, ಈಗಷ್ಟೇ ಯಾರೋ ಅದರಲ್ಲಿ ಕೈ ಅದ್ದಿದ ಹಾಗೆ.

ಪೆಯ್ರೋನ ಕೂಸನ್ನು ಬಾಚಿಕೊಂಡು ಹಿತ್ತಲಿಗೆ ಓಡಿದಳು. "ಹತ್ತಿರ ಬರಬೇಡ, ಅಲ್ಲೇ ನಿಂತು ಹೇಳು. ಆಡು ಹಾಯುತ್ತೆ" ಎಂದು ವಿದಾಲ ಕೊಟ್ಟಿಗೆಯ ಕತ್ತಲಿನಿಂದ ಗದರಿದ. ಅವಳು ಅಂಗಳದಲ್ಲೇ ನಿಂತು ಹೇಳಿದಳು.

"ಹೆಂಚು ಎತ್ತಲಿಲ್ಲ ಅವರು" ಎಂದ ಅವನು. "ಕಿಟಕಿಗೂ ಹಲಗೆ, ಬಾಗಿಲಿಗೂ ತೊಲೆ. ಪರದೇಶದ ಹುಡುಗಿ, ಎಲ್ಲಿಗೆ ಹೋಗಬೇಕು ಅದು? ಕೂಸಿನ ಕುಲಾವಿ ಹಿಡ್ಕೊಂಡು ಕೂತಿದೆ. ಆ ವಾಸನೆ ಹಿಡಿದು ಬಂದಿದೆ, ಅಷ್ಟೇ. ಕೆಟ್ಟ ಹುಡುಗಿ ಅಲ್ಲ."

"ಕೆಟ್ಟೋಳಲ್ಲ ಅಂತ ನನ್ನ ಮಗು ಕೊಡೋಕಾಗುತ್ತಾ ಅಪ್ಪ?"

"ಆಗಲ್ಲ. ಶನಿವಾರದೊಳಗೆ ಎತ್ತಬೇಕು. ಸುಟ್ಟ ಮೇಲೆ ಎತ್ತೋಕೆ ಹೆಂಚಿರಲ್ಲ, ಅದಕ್ಕೆ ಗೊತ್ತಿರೋ ದಾರಿ ಈ ಕೂಸೊಂದೇ ಆಗುತ್ತೆ."

ಗುರುವಾರ ನಡುಹಗಲಿಗೆ ಪೆಯ್ರೋನ ಕೂಸನ್ನು ಗೆರಾಲ್ದಳ ಕೈಗೆ ಕೊಟ್ಟಳು. "ಈ ಕಾಲದಲ್ಲಿ ಇನ್ನೊಬ್ಬರ ಮಗು ಮುಟ್ಟೋದಾ?" ಎಂದು ಗೆರಾಲ್ದ ಗೊಣಗಿದಳು. ಗೊಣಗುತ್ತಲೇ ಸೆರಗಿನಲ್ಲಿ ಅದರ ಜೊಲ್ಲು ಒರೆಸಿದಳು.

ದೊಡ್ಡಮನೆಯ ಹಿಂದಿನ ಮರದ ಕೊಂಬೆ ಹಿಡಿದು ಮಾಡಿಗೆ ಹತ್ತುವುದು ಅವಳಿಗೆ ಕಷ್ಟವಾಗಲಿಲ್ಲ. ಕಾದ ಹೆಂಚು ಅಂಗಾಲನ್ನು ಸುಡುತ್ತಿತ್ತು. ಮೂಡಲ ಕೋಣೆ ಎಲ್ಲಿದೆ, ಹಾಸಿಗೆಯ ತಲೆ ಯಾವ ಗೋಡೆಗಿದೆ ಎಂದು ಅವಳು ಅಂದು ನೋಡಿದ್ದಳು. ಮಲಗಿದ ಕಡೆಯೇ ತೀರಿಕೊಂಡಿರುತ್ತಾಳೆ. ಹೆಂಚು ಎತ್ತುವ ತನಕ ಯಾರು ಕದಲಿಸುತ್ತಾರೆ? ಗೋಡೆಯಿಂದ ಸಾಲು ಎಣಿಸಿ ಕೂತು, ಎರಡೂ ಕೈಯಲ್ಲಿ ಹೆಂಚನ್ನು ಅಲುಗಿಸಿ ಎತ್ತಿದಳು. "ದೊರೆಮಗಳೇ, ದಾರಿ ತೆಗೆದಿದೆ, ಹೋಗು" ಎಂದು ಕೂಗಿದಳು. ಆ ತೊಟ್ಟಿಲ ಹೆಸರು ಬಾಯಿಗೆ ಬರಕೂಡದೆಂದು ಎಡಿಲಾ ಹೇಳಿದ್ದು ನಾಲಿಗೆಯಲ್ಲಿ ಅಡ್ಡ ಕೂತಿತ್ತು.

ತೂತಿನಿಂದ ಒಂದು ಕೋಲು ಬಿಸಿಲು ನೇರ ಹಾಸಿಗೆಗೆ ಇಳಿಯಿತು. ಕೆಂಪು ನಿಲುವಂಗಿ ತೊಟ್ಟು, ತೋಳುಗಳನ್ನು ಎದೆಯ ಮೇಲೆ ಮಡಿಸಿ ಅವಳು ಮಲಗಿದ್ದಳು. ಕೆಳಗೆ ಜೋಡಿಸಿಟ್ಟ ಪುಟ್ಟ ಮೆಟ್ಟು. ಪೆಯ್ರೋನ ಶಿಲುಬೆಯ ಗುರುತು ಮಾಡಿಕೊಂಡು ಮುಖ ಕಾಣಲೆಂದು ಬಾಗಿದಳು. ಆಗ ತೂತಿನಿಂದ ನುಗ್ಗಿದ ಗಾಳಿಗೆ ಒಂದು ತೋಳು ಹಾರಿ ಮಗುಚಿ ಬಿತ್ತು.

ಒಳಗೆ ಕೈಯಿರಲಿಲ್ಲ. ಕತ್ತಿನ ಮೇಲೆ ತಲೆಯೂ ಇರಲಿಲ್ಲ. ಬರೀ ಅಂಗಿ.

ಅಷ್ಟರಲ್ಲಿ ಮನೆಯ ಇನ್ನೊಂದು ಕೊನೆಯಲ್ಲಿ, ಹಿಂದಿನ ಚಿಕ್ಕ ಕೋಣೆಗಳ ಕಡೆ, ಬಾಗಿಲೊಂದು ತಾನಾಗಿ ಕಿರ್ರೆಂದಿತು.

ಅವಳು ಹೇಗೆ ಇಳಿದಳೋ ಅವಳಿಗೇ ಗೊತ್ತಿಲ್ಲ. ಮನೆಗೆ ಬಂದವಳು ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಕೊಟ್ಟಿಗೆಯ ಮುಂದೆ ಕುಸಿದು ಕೂತಳು. "ಅಪ್ಪ, ಯಾರೂ ಇಲ್ಲದ ಕಡೆ ಎತ್ತಿಬಿಟ್ಟೆ. ಅವಳನ್ನ ಬೇರೆ ಕೋಣೆಗೆ ಸಾಗಿಸಿದಾರೆ. ಹೆಂಚು ಎತ್ತೋ ಮೊದಲೇ ಸಾಗಿಸಿದಾರೆ! ಇಂಥಾ ಜನಾನೂ ಇರ್ತಾರಾ? ಈಗ ಆ ತೂತು ಯಾರನ್ನ ಕೇಳುತ್ತೆ ಅಪ್ಪ? ಎತ್ತಿದೋಳು ನಾನು. ನನ್ನ ಮನೆಯಲ್ಲಿ ಹಗುರ ಇರೋ ಜೀವ ಯಾವುದು?"

ಪಕ್ಕದ ಮನೆಯಿಂದ ಗಲ್ಯಾರ್ದ ನಗುವುದು ಕೇಳುತ್ತಿತ್ತು. "ಏನ್ ನೋಡ್ತಾ ಇದೀಯೇ ಮೇಲೆ, ಏನಿದೆ ಅಲ್ಲಿ?" ಎಂದು ಗೆರಾಲ್ದ ಕೇಳುತ್ತಿದ್ದುದೂ ಕೇಳುತ್ತಿತ್ತು.

ವಿದಾಲ ಕೆಮ್ಮಿದ. "ಗೋಡೆಯಿಂದ ಎಷ್ಟನೇ ಸಾಲು?"

"ಏಳನೇದು."

"ಕೆಳಗೆ ಮಂಚ ಇರಬೇಕಲ್ಲ. ಹಾಸಿಗೆ ಯಾವುದರದು?"

"ಇದೇನಪ್ಪ ಕೇಳ್ತೀಯ? ಹಂಸದ ಪುಕ್ಕದ್ದಂತೆ, ಎಡಿಲಾ ಹೇಳ್ತಿದ್ಲು."

"ಹಾಗಿದ್ರೆ ಆ ತೂತು ನನಗಿರಲಿ" ಎಂದ ವಿದಾಲ. ಬಾಗಿಲ ಬೆಳಕಿಗೆ ಬಂದು, ದೂರದಿಂದಲೇ, ಅಂಗಿ ಸರಿಸಿ ಕಂಕುಳು ತೋರಿಸಿದ. ಬಾತುಕೋಳಿ ಮೊಟ್ಟೆಯಷ್ಟು ದಪ್ಪ ಗಡ್ಡೆ, ಕಪ್ಪಗೆ.

ಪೆಯ್ರೋನ ಬಾಯಿಗೆ ಕೈ ಒತ್ತಿಕೊಂಡಳು. ಕೂಸಿನ ಹಲ್ಲು, ನಿದ್ದೆ, ಹಾಯುವ ಆಡು ಎಲ್ಲ ಒಟ್ಟಿಗೆ ಅರ್ಥವಾಯಿತು.

"ಅಳಬೇಡ. ಹಾಲು ಕಮ್ಮಿಯಾಗುತ್ತೆ" ಎಂದ ಅವನು. "ನೋಡು, ಇಲ್ಲಿ ಸತ್ತರೆ ನೀನೇ ಎತ್ತಿ ಹೂಳಬೇಕು, ಕೂಸಿಗೆ ತಗಲುತ್ತೆ. ಅಲ್ಲಾದ್ರೆ ದಾರಿ ತೆರೆದೇ ಇದೆ, ಹಂಸದ ಪುಕ್ಕ ಇದೆ. ಜೀವಮಾನವೆಲ್ಲ ಹುಲ್ಲಿನ ಮೇಲೆ ಮಲಗಿದೀನಿ. ನಾಳೆ ಬೆಳಿಗ್ಗೆ ಒಳಗೆ ಹೋಗ್ತೀನಿ. ಹುಡುಗಿ ಎಲ್ಲಿದಾಳೆ ಅಂತ ನೋಡಿ ಕೆಳಗಿಂದ ತಟ್ಟುತ್ತೀನಿ. ನೀನು ಮೇಲಿರು. ಈ ಸಲ ಮೊದಲು ಕೇಳು, ಆಮೇಲೆ ಎತ್ತು."

"ಒಳಗೆ ಬಿಡ್ತಾರಾ?"

"ಹೊರಗೆ ಬರೋರನ್ನ ತಡೀತಾರೆ. ಒಳಗೆ ಹೋಗೋರನ್ನ ಯಾರು ತಡೀತಾರೆ ಮಗಳೇ?"

ಶುಕ್ರವಾರ ಬೆಳಕು ಹರಿಯುವಾಗ ಅವರು ದಿಬ್ಬ ಹತ್ತಿದರು, ಅವನು ಮುಂದೆ, ಅವಳು ಇಪ್ಪತ್ತು ಮಾರು ಹಿಂದೆ. ನಾಲ್ಕು ಹೆಜ್ಜೆಗೊಮ್ಮೆ ಅವನು ನಿಲ್ಲುತ್ತಿದ್ದ. ಅವಳು ಕೈ ಕೊಡಲು ಓಡಬೇಕೆನ್ನಿಸಿ, ತನ್ನ ಕೈಯನ್ನೇ ತಾನು ಹಿಡಿದುಕೊಂಡು ನಿಲ್ಲುತ್ತಿದ್ದಳು. ಕಾವಲಿಗೆ ಯಾರೂ ಇರಲಿಲ್ಲ. ವಿದಾಲ ತೊಲೆಗೆ ಭುಜ ಕೊಟ್ಟು ಬೀಳಿಸಿ, ತಿರುಗಿ ನೋಡಿ, "ಸಾರು ಚೆನ್ನಾಗಿತ್ತು ನಿನ್ನೆ" ಎಂದು ಹೇಳಿ ಒಳಗೆ ಹೋದ.

ಮಾಡಿನ ಮೇಲೆ ಕೂತು ಅವಳು ಕಾದಳು. ಹೊಳೆಯ ಮೇಲೆ ಮಂಜು ನಿಂತಿತ್ತು. ಕೆಳಗೆ ಊರುಗೋಲು ಕೋಣೆಯಿಂದ ಕೋಣೆಗೆ ನಡೆದು ಹೋಗುವುದು ಕೇಳುತ್ತಿತ್ತು. ಟಕ್, ಕಾಲೆಳೆತ, ಟಕ್. ಮಧ್ಯೆ ಒಮ್ಮೆ, ಊರುಗೋಲಿಗಿಂತ ಮುಂದೆ, ಬರಿಗಾಲಿನಲ್ಲಿ ಯಾರೋ ಹಗುರವಾಗಿ ಓಡಿದ ಹಾಗೆ ಕೇಳಿಸಿತು. ಇಲಿಯಿರಬೇಕು ಎಂದುಕೊಂಡಳು. ಇಲಿಗಳೆಲ್ಲ ಸತ್ತು ಮೂರು ವಾರವಾಗಿತ್ತೆಂದು ಆಮೇಲೆ ನೆನಪಾಯಿತು.

ಕೊನೆಗೆ ತಟ್ಟು ಬಂತು, ಹಿಂಬದಿಯ ಮೂಲೆಯಲ್ಲಿ. ಎರಡು, ಸ್ವಲ್ಪ ತಡೆದು, ಒಂದು. ಅವಳು ಅಲ್ಲಿಗೆ ತೆವಳಿ ಹೋಗಿ ಕೈ ಇಟ್ಟಳು. ಕೈ ಕೆಳಗೇ ಮತ್ತೆ ತಟ್ಟಿತು.

"ಇದೇನಾ ಅಪ್ಪ?"

"ಇದೇ. ಪಾತ್ರೆ ಇಡೋ ಕೋಣೆ ಕಣೇ. ತಂಪು ಅಂತ ಇಲ್ಲಿ ತಂದು ಹಾಕಿದಾರೆ. ಮುಖದ ಮೇಲೆ ಬಟ್ಟೆ ಇದೆ." ಹೆಂಚುಗಳ ಕೆಳಗಿನಿಂದ ಅವನ ದನಿ ಬಾವಿಯೊಳಗಿನಿಂದ ಬಂದ ಹಾಗೆ ಬರುತ್ತಿತ್ತು. "ಕುಲಾವಿ ಕೈಯಲ್ಲೇ ಇದೆ. ಬಿಗಿಯಾಗಿ ಹಿಡಿದಿದಾಳೆ. ಬಿಡಿಸಲಾ?"

ಬಿಡಿಸು ಎನ್ನಲು ಅವಳು ಬಾಯಿ ತೆರೆದಳು. ಆ ಕುಲಾವಿ ಮರಳಿ ಮನೆಗೆ ಬರುವಂತಿಲ್ಲ, ಮುಟ್ಟುವಂತಿಲ್ಲ. ಸತ್ತವರ ಕೈ ಬಿಡಿಸಿ ಕಿತ್ತುಕೊಂಡದ್ದು ಮಾತ್ರ ಉಳಿಯುತ್ತದೆ. ಆ ಹುಡುಗಿ ಕಿವಿಯವರೆಗೂ ಕೆಂಪಾಗಿದ್ದು ಕಣ್ಣಿಗೆ ಕಟ್ಟಿತು.

"ಬೇಡಪ್ಪ, ಇರಲಿ. ಕೊಟ್ಟಿದ್ದು ಅದು."

ಹೆಂಚು ಎತ್ತಿದಳು. ಈ ಸಲ ಎಡಿಲಾಳ ಮಾತು ಅಡ್ಡ ಬರಲಿಲ್ಲ. "ಟಿಬ್ಬೆ" ಎಂದು ಕರೆದಳು, ಹೊಳೆಯಿಂದ ಮನೆಗೆ ಬಾರದ ಮಕ್ಕಳನ್ನು ಕರೆಯುವ ಹಾಗೆ. "ಟಿಬ್ಬೆ, ಕುಲಾವಿ ನಿನ್ನದು. ಕೂಸು ನನ್ನದು. ದಾರಿ ತೆಗೆದಿದೆ ಕಂದಾ, ಹೋಗು."

ಏನೂ ಆಗಲಿಲ್ಲ. ಆಮೇಲೆ ಅವಳ ಮುಖದ ಪಕ್ಕದಲ್ಲೇ, ತೂತಿನಿಂದ ತಣ್ಣನೆಯ ಉಸಿರಿನಂಥದು ಹಾದು ಮೇಲೆ ಹೋಯಿತು. ಅದರಲ್ಲಿ ಕೊಳೆತ ಸೇಬಿನ ವಾಸನೆ ಇರಲಿಲ್ಲ. ಹಾಲು ಕಕ್ಕಿದ ಕೂಸಿನ ನೆತ್ತಿಯ ವಾಸನೆಯಿತ್ತು.

"ಹೋದಳಾ?" ಕೆಳಗಿನಿಂದ ವಿದಾಲ ಕೇಳಿದ.

"ಹೋದಳು ಅಪ್ಪ."

"ಸರಿ, ನಾನು ನನ್ನ ಹಾಸಿಗೆಗೆ ಹೋಗ್ತೀನಿ. ಅಂಗೀನ ಪಕ್ಕಕ್ಕೆ ಸರಿಸ್ತೀನಿ, ಹರಿಯಲ್ಲ ಬಿಡು. ಸಂಜೆ ಬಾ, ತಟ್ಟುತ್ತೀನಿ."

ಸಂಜೆ ಅವಳು ಏಳನೇ ಸಾಲಿನ ತೂತಿನ ಪಕ್ಕ ಕೂತು, ಬುಟ್ಟಿಗೆ ಹಗ್ಗ ಕಟ್ಟಿ ನೀರು ಬೆರೆಸಿದ ದ್ರಾಕ್ಷಿ ಮದ್ಯ ಇಳಿಸಿದಳು. ಹಗ್ಗವನ್ನು ಅಲ್ಲೇ ಬಿಟ್ಟಳು. ಅವನಿಗೆ ಮಾತಾಡಲಾಗುತ್ತಿರಲಿಲ್ಲ. ಮಂಚದ ಕಾಲಿಗೆ ತಟ್ಟಿದ: ಎರಡು, ಒಂದು. ಕೂಸು ಇವತ್ತು ಮೇಲೆ ನೋಡಲೇ ಇಲ್ಲ, ಹರವಿಯ ನೀರು ಸುಮ್ಮನಿದೆ, ಮುಂದಿನ ಹಲ್ಲು ಎರಡೂ ಕಾಣಿಸಿದೆ ಎಂದು ಅವಳು ಹೇಳಿದಳು. ಅವನು ಮತ್ತೆ ತಟ್ಟಿದ.

ಶನಿವಾರ ಬೆಳಿಗ್ಗೆ ತಟ್ಟು ಬರಲಿಲ್ಲ. ಅವಳು ತೂತಿನಿಂದ ನೋಡಿದಳು. ಕೆಂಪು ಅಂಗಿ ಒಂದು ಬದಿ, ಅಪ್ಪ ಒಂದು ಬದಿ. ಎದೆ ಏಳುತ್ತದೆಯೇ ಎಂದು ನೂರರವರೆಗೆ ಎಣಿಸಿದಳು. ಸಾಲದೆಂದು ಇನ್ನೊಂದು ನೂರು ಎಣಿಸಿದಳು. ಆಮೇಲೆ ಅವನ ಅಮ್ಮ ಅವನನ್ನು ಕರೆಯುತ್ತಿದ್ದ ಹೆಸರು ಹಿಡಿದು "ವಿದಾಲೂ" ಎಂದು ಕರೆದಳು.

"ದಾರಿ ತೆಗೆದಿದೆ ಅಪ್ಪ" ಎಂದಳು. ದಿನವೂ ಬೆಳಿಗ್ಗೆ ಅವನು ಮನೆಯಿಂದ ಹೊರಟಾಗ ಅಂದು ಅಂದು ರೂಢಿಯಾದ ನಾಲಿಗೆ, ಅವಳು ತಡೆಯುವ ಮೊದಲೇ "ಹೋಗಿ ಬಾ" ಎಂದುಬಿಟ್ಟಿತು.

ಮಧ್ಯಾಹ್ನ ಬೆಂಕಿ ಹಾಕಿದರು. ಮಾಡು ಕುಸಿಯುವ ತನಕ ಹೊಗೆ ಎರಡು ಕಡೆಯಿಂದ ಮಾತ್ರ ಎದ್ದಿತೆಂದು ನೋಡಿದವರೆಲ್ಲ ಹೇಳಿದರು, ಒಂದು ತೆಳ್ಳಗೆ, ಒಂದು ದಪ್ಪಗೆ. ಪೆಯ್ರೋನ ಮನೆಯ ಹರವಿ, ಬಿಂದಿಗೆ, ಬಟ್ಟಲಿನಲ್ಲಿದ್ದ ನೀರೆಲ್ಲ ಅಂಗಳಕ್ಕೆ ಚೆಲ್ಲಿ, ಬಾವಿಯಿಂದ ಹೊಸ ನೀರು ತುಂಬಿದಳು. ಕೊಟ್ಟಿಗೆಯ ಹುಲ್ಲು, ಚಾಪೆ, ಬಟ್ಟಲನ್ನು ಉದ್ದನೆಯ ಕವೆಗೋಲಿನಲ್ಲಿ ಎಳೆದು ಸುಟ್ಟಳು. ಆಮೇಲೆ ಕೂಸಿಗೆ ಹಾಲು ಕೊಡಲು ಕೂತಳು. ಹಾಲು ಕಡಿಮೆಯಾಗಿರಲಿಲ್ಲ. ಗಲ್ಯಾರ್ದ ಹೊಸ ಹಲ್ಲಿನಲ್ಲಿ ಕಚ್ಚಿದಾಗ "ಅಯ್ಯೋ ನಿನ್ನ!" ಎಂದು ಕೂಗಿ, ಆ ವಾರ ಮೊದಲ ಸಲ ನಕ್ಕಳು. ನಗು ಅಳುವಾಗುವ ಮೊದಲೇ ಕೂಸನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡಳು.

ಅಲ್ಲಿಂದಾಚೆ ಅವಳು ಐವತ್ತು ವರ್ಷ ಬದುಕಿದಳು. ನಮ್ಮೂರಿನಲ್ಲಿ ಆ ಐವತ್ತು ವರ್ಷದಲ್ಲಿ ಸತ್ತವರಿಗೆಲ್ಲ ಹೆಂಚು ಎತ್ತಿದವಳು ಅವಳೇ. ಒಂದು ಹೊಸ ಪದ್ಧತಿ ತಂದಳು: ಒಳಗಿನವರು ತಲೆಯ ನೇರಕ್ಕೆ ಕೋಲಿನಿಂದ ತಟ್ಟಬೇಕು, ಎರಡು, ಸ್ವಲ್ಪ ತಡೆದು ಒಂದು. ತಟ್ಟು ಕೇಳದೆ ಹೆಂಚು ಮುಟ್ಟುತ್ತಿರಲಿಲ್ಲ. ಗಲ್ಯಾರ್ದಳಿಗೆ ಹದಿನೈದಾದ ವರ್ಷ ಮಾತ್ರ ಪೆಯ್ರೋನಳನ್ನು ಹಿಡಿಯಲಾಗಲಿಲ್ಲವಂತೆ. ಮಗಳಿಗೆ ಒಂದು ಸೀನು ಬಂದರೆ ಮನೆಯ ನೀರನ್ನೆಲ್ಲ ಚೆಲ್ಲುತ್ತಿದ್ದಳು. ಹದಿನಾರು ತುಂಬಿದ ದಿನ ಒಂದಿಡೀ ಬಾತುಕೋಳಿ ಬೇಯಿಸಿ, ಮಗಳು ತಿನ್ನುವುದನ್ನು ಎದುರು ಕೂತು ನೋಡಿದಳು. ಕುಲಾವಿ ಕೇಳಲು ಬಂದ ಮದುಮಗಳಿಗೆ ಇಲ್ಲವೆಂದದ್ದಿಲ್ಲ. "ಕೊಡ್ತೀನಿ, ಮೊದಲು ನಿನ್ನ ತೊಟ್ಟಿಲ ಹೆಸರು ಹೇಳು" ಎನ್ನುತ್ತಿದ್ದಳು.

ಅವಳ ಸರದಿ ಬಂದದ್ದು ಒಂದು ಮಾಗಿಯ ಬೆಳಿಗ್ಗೆ. ಏಣಿ ಹತ್ತಿದವಳು ಗಲ್ಯಾರ್ದ. ಅಷ್ಟರಲ್ಲಿ ಅವಳೂ ಅಜ್ಜಿಯಾಗಿದ್ದಳು. ಮಂಜಿನಲ್ಲಿ ಹೆಂಚುಗಳು ಒದ್ದೆಯಾಗಿದ್ದವು. ಒಳಗಿನಿಂದ ಸೊಸೆ ತಟ್ಟಲೆಂದು ಅವಳು ಬಗ್ಗಿ ಕೂತು ಕಾದಳು. ತಟ್ಟು ಬಂತು, ಸರಿಯಾಗಿ ಅವಳ ಅಂಗೈ ಕೆಳಗೆ. ಎರಡು, ಸ್ವಲ್ಪ ತಡೆದು, ಒಂದು. ಅವಸರವಿಲ್ಲದ ಗಟ್ಟಿ ತಟ್ಟು, ಪಳಗಿದ ಕೈಯದು. ಗಲ್ಯಾರ್ದ ಹೆಂಚು ಎತ್ತಿ, ಅಮ್ಮನ ತೊಟ್ಟಿಲ ಹೆಸರು ಕರೆದು, ಹೇಳಬೇಕಾದ್ದನ್ನು ಹೇಳಿ, ಕಣ್ಣೊರೆಸಿಕೊಂಡು ಏಣಿಯಿಂದ ಇಳಿದಳು.

ಸೊಸೆ ಹಿತ್ತಲಿನಿಂದ ಏದುಸಿರು ಬಿಡುತ್ತಾ ಓಡಿಬಂದಳು.

"ಅತ್ತೆ, ತಡವಾಯ್ತು, ಬೈಬೇಡಿ. ಕೋಲು ಎಲ್ಲೂ ಸಿಗ್ತಿರಲಿಲ್ಲ, ಈಗ ಕೊಟ್ಟಿಗೆಯಲ್ಲಿ ಸಿಕ್ತು. ಎಲ್ಲಿ ತಟ್ಟಲಿ?"